ಬಿ.ಟಿ. ಬೀಜ: ಒಬ್ಬರು ಯಾಕೆ ಹಾಕ್ತಾರೆ, ಇನ್ನೊಬ್ಬರು ಯಾಕೆ ಬೇಡ ಅಂತಾರೆ?



ಹಳ್ಳಿ ಸಭೆಯಲ್ಲಿ ಬೀಜದ ಮಾತು ಬಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಈಗ ಅಂಗಡೀಲಿ ಸಿಗೋ ಟೊಮ್ಯಾಟೊ, ಮುಸುಕಿನ ಜೋಳ ಎಲ್ಲಾ ಬಿ.ಟಿ.ನೇ ಅಲ್ವಾ ಸಾ? ಎತ್ತಿಟ್ರೆ ಮುಂದಿನ ವರ್ಷ ಹುಟ್ಟಲ್ವಂತೆ?" ಇದು ಹೆದರಿಕೆಯ ಪ್ರಶ್ನೆ. ಅದೇ ಸಭೆಯಲ್ಲಿ ಆಸೆಯ ಪ್ರಶ್ನೆಯೂ ಇರುತ್ತದೆ. "ಹುಳ ಬೀಳದ ಬದನೆ ಬಂದಿದೆಯಂತೆ, ಎಲ್ಲಿ ಸಿಗುತ್ತೆ?"

ಎರಡಕ್ಕೂ ನೇರವಾಗಿ ಉತ್ತರ ಹೇಳಿಬಿಡೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಯಾವ ಬೀಜದ ಅಂಗಡಿಯಲ್ಲೂ ಕುಲಾಂತರಿ ತರಕಾರಿ ಬೀಜವನ್ನಾಗಲಿ, ಕುಲಾಂತರಿ ರಾಗಿ, ಭತ್ತ, ಮುಸುಕಿನ ಜೋಳದ ಬೀಜವನ್ನಾಗಲಿ ಕಾನೂನು ಪ್ರಕಾರ ಮಾರುವಂತಿಲ್ಲ. ನಮ್ಮ ದೇಶದಲ್ಲಿ ರೈತರು ಅಧಿಕೃತವಾಗಿ ಹೊಲದಲ್ಲಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಒಂದೇ ಒಂದು, ಅದು ಹತ್ತಿ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಹತ್ತಿ ಬೆಳೆ ಇಲ್ಲ ಅಂದರೂ ನಡೆಯುತ್ತದೆ. ಹಾಗಾದರೆ ಈ ವಿಷಯ ನಮಗೇಕೆ ಅಂತ ಕೇಳಬಹುದು. ಮುಂದೆ ಓದಿ. ರೇಷ್ಮೆ ಸಾಕುವ ಮನೆಗೆ ಈ ಬಿ.ಟಿ. ಅನ್ನುವುದು ಹತ್ತಿ ಬೆಳೆಯುವವರಿಗಿಂತ ಹಳೆಯ ನೆಂಟ.

ಹೈಬ್ರಿಡ್ ಬೇರೆ, ಕುಲಾಂತರಿ ಬೇರೆ

ಅಂಗಡಿಯ ಟೊಮ್ಯಾಟೊ ಬೀಜ ಹೈಬ್ರಿಡ್. ಅಂದ್ರೆ ಟೊಮ್ಯಾಟೊದ್ದೇ ಎರಡು ತಳಿಗಳನ್ನು ಹೂವಿನ ಹಂತದಲ್ಲಿ ಕೂಡಿಸಿ ಮಾಡಿದ್ದು. ಅದರ ಹಣ್ಣಿನಿಂದ ಬೀಜ ತೆಗೆದು ಹಾಕಿದರೆ ಹುಟ್ಟುತ್ತದೆ, ಆದರೆ ಗಿಡ ಒಂದೊಂದು ಒಂದೊಂದು ಥರ ಬರುತ್ತವೆ. ಒಂದರಲ್ಲಿ ದಪ್ಪ ಕಾಯಿ, ಇನ್ನೊಂದರಲ್ಲಿ ಗೋಲಿಯಷ್ಟು. ಅದಕ್ಕೇ ವರ್ಷ ವರ್ಷ ಕೊಳ್ಳಬೇಕು. "ಹುಟ್ಟದೇ ಇರೋ ಬೀಜ" ಅನ್ನುವ ಮಾತು ಬಂದದ್ದು 1998ರಲ್ಲಿ. ಎರಡನೇ ತಲೆಮಾರಿನ ಬೀಜ ಮೊಳೆಯದಂತೆ ಮಾಡುವ ಒಂದು ತಂತ್ರಕ್ಕೆ ಆ ವರ್ಷ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. 'ಟರ್ಮಿನೇಟರ್' ಅಂತ ಅದಕ್ಕೆ ಹೆಸರು ಬಿತ್ತು. ಆ ಬೀಜ ಜಗತ್ತಿನಲ್ಲಿ ಎಲ್ಲೂ ಮಾರಾಟಕ್ಕೆ ಬರಲೇ ಇಲ್ಲ. ನಮ್ಮ ದೇಶದ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅಂಥ ತಳಿಯನ್ನು ನೋಂದಾಯಿಸುವಂತೆಯೇ ಇಲ್ಲ. ಆದರೂ ಆ ಭಯ ಇನ್ನೂ ಹೋಗಿಲ್ಲ.

ಕುಲಾಂತರಿ ಅಂದರೆ ಬೇರೆ ಕುಲದ ಜೀವಿಯ ಒಂದು ಗುಣವನ್ನು ಪ್ರಯೋಗಾಲಯದಲ್ಲಿ ಗಿಡದೊಳಕ್ಕೆ ಸೇರಿಸುವುದು. ಬಿ.ಟಿ. ಹತ್ತಿಯೊಳಗೆ ಸೇರಿಸಿರುವುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಗುಣ. ಆ ಬ್ಯಾಕ್ಟೀರಿಯಾದ ಉದ್ದ ಹೆಸರನ್ನು ಚಿಕ್ಕದು ಮಾಡಿ ಬಿ.ಟಿ. ಅನ್ನುತ್ತಾರೆ. ಅದು ತಯಾರಿಸುವ ಒಂದು ಪ್ರೋಟೀನು ಚಿಟ್ಟೆ ಜಾತಿಯ ಹುಳುವಿನ ಹೊಟ್ಟೆಗೆ ಹೋದರೆ ಕರುಳಿನಲ್ಲಿ ತೂತು ಬೀಳುತ್ತದೆ. ಹುಳು ಮೇವು ಬಿಡುತ್ತದೆ, ಆಮೇಲೆ ಸಾಯುತ್ತದೆ. ಆ ಹುಳುಗಳ ಕರುಳಿನಲ್ಲಿ ಕ್ಷಾರ ಜಾಸ್ತಿ, ಪ್ರೋಟೀನು ಅಂಟಿಕೊಳ್ಳುವ ಜಾಗವೂ ಅಲ್ಲಿದೆ. ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ, ಅಂಟುವ ಜಾಗವೂ ಇಲ್ಲ. ಮನುಷ್ಯರಿಗೆ ತೊಂದರೆ ಇಲ್ಲ ಅಂತ ವಿಜ್ಞಾನಿಗಳು ಹೇಳುವುದು ಈ ಲೆಕ್ಕದ ಮೇಲೆ.

ಮೊದಲು ಸಿಕ್ಕಿದ್ದು ರೇಷ್ಮೆಹುಳುವಿನಲ್ಲೇ

ಈಗ ನಮ್ಮ ಮನೆಯ ವಿಷಯ. ಈ ಬಿ.ಟಿ. ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದು ಹತ್ತಿ ಹೊಲದಲ್ಲಲ್ಲ. 1901ರಲ್ಲಿ ಜಪಾನಿನಲ್ಲಿ ರೇಷ್ಮೆಹುಳುಗಳು ಇದ್ದಕ್ಕಿದ್ದಂತೆ ಸಾಯುತ್ತಿದ್ದವು. ಕಾರಣ ಹುಡುಕುತ್ತಿದ್ದ ಇಶಿವಾಟ ಎಂಬ ವಿಜ್ಞಾನಿಗೆ ಸತ್ತ ಹುಳುವಿನೊಳಗೆ ಇದು ಕಂಡಿತು. ಹತ್ತು ವರ್ಷದ ಮೇಲೆ ಜರ್ಮನಿಯಲ್ಲಿ ಹಿಟ್ಟಿನ ಹುಳುವಿನಲ್ಲಿ ಮತ್ತೆ ಸಿಕ್ಕಿ, ಅಲ್ಲಿನ ಪ್ರಾಂತ್ಯದ ಹೆಸರನ್ನೇ ಅದಕ್ಕೆ ಇಟ್ಟರು. ರೇಷ್ಮೆಗೆ ರೋಗವಾಗಿ ಬಂದದ್ದೇ ಮುಂದೆ ಬೇರೆ ಬೆಳೆಗೆ ಔಷಧವಾಯಿತು.

ಇದು ಬರೀ ಕಥೆಯಲ್ಲ. ಎಲೆಕೋಸು, ಟೊಮ್ಯಾಟೊ ಹುಳುವಿಗೆ ಬಿ.ಟಿ. ಪುಡಿ, ಬಿ.ಟಿ. ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ. ಸಾವಯವ ಕೃಷಿಕರು ಕೂಡ ಬಳಸಬಹುದು ಅಂತ ಒಪ್ಪಿಗೆ ಇರುವ ಔಷಧ ಅದು. ಆದರೆ ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ಅದನ್ನು ಹೊಡೆಯಲೇಬೇಡಿ. ಗಾಳಿಗೆ ಸೊಪ್ಪಿನ ಮೇಲೆ ಬಿದ್ದರೆ ತಟ್ಟೆಯಲ್ಲಿರುವ ಹುಳು ಉಳಿಯುವುದಿಲ್ಲ. ಅದಕ್ಕೆ ಕಾಯಿಕೊರಕವೂ ಒಂದೇ, ನಾಲ್ಕನೇ ಜ್ವರ ದಾಟಿ ಚಂದ್ರಿಕೆಗೆ ಏರಲು ಸಿದ್ಧವಾದ ನಿಮ್ಮ ಹುಳುವೂ ಒಂದೇ. ಪೊಟ್ಟಣದ ಮೇಲೆ "ಜೈವಿಕ" ಅಂತ ಬರೆದಿದೆ, ಹಾಗಾಗಿ ಯಾರಿಗೂ ತೊಂದರೆ ಇಲ್ಲ ಅಂದುಕೊಳ್ಳುವುದು ರೇಷ್ಮೆ ಮನೆಯಲ್ಲಿ ನಡೆಯುವುದಿಲ್ಲ.

ಹಾಗಾದರೆ ನಾಳೆ ಬಿ.ಟಿ. ಬದನೆ ಬಂದರೆ? ಅದರ ಪ್ರೋಟೀನು ಗಿಡದೊಳಗೇ ಇರುತ್ತದೆ, ಗಾಳಿಗೆ ಹಾರುವುದಿಲ್ಲ. ರೇಷ್ಮೆಹುಳು ಬದನೆ ಎಲೆ ತಿನ್ನುವುದೂ ಇಲ್ಲ. ಈ ಒಂದು ವಿಷಯದಲ್ಲಿ ಗಿಡಕ್ಕಿಂತ ಸಿಂಪಡಣೆಯೇ ಹೆಚ್ಚು ಅಪಾಯ ಅಂತ ಒಪ್ಪಿಕೊಳ್ಳಬೇಕು. ಮುಸುಕಿನ ಜೋಳದ ಮಾತು ಬೇರೆ. ಅದರ ಪರಾಗ ಗಾಳಿಯಲ್ಲೇ ಹೋಗುತ್ತದೆ. ಹಸುವಿನ ಮೇವಿಗೆ ಅಂತ ಹಿಪ್ಪುನೇರಳೆ ಬದಿಯಲ್ಲೇ ಜೋಳ ಹಾಕುವವರು ನಾವು. 1999ರಲ್ಲಿ ಅಮೆರಿಕದಲ್ಲಿ ಬಿ.ಟಿ. ಜೋಳದ ಪರಾಗ ಬಿದ್ದ ಎಲೆ ತಿಂದ ಚಿಟ್ಟೆಮರಿಗಳು ಸತ್ತವು ಅಂತ ವರದಿಯಾಗಿ ದೊಡ್ಡ ಗಲಾಟೆ ಆಯಿತು. 2001ರಲ್ಲಿ ಹೊಲದಲ್ಲೇ ಅಳೆದು ನೋಡಿದಾಗ ಸಾಮಾನ್ಯವಾಗಿ ಬೆಳೆಯುವ ತಳಿಗಳಿಂದ ಅಪಾಯ ಬಹಳ ಕಡಿಮೆ ಅಂತ ಕಂಡಿತು. ಆದರೆ ಅವರು ಅಳೆದದ್ದು ಚಿಟ್ಟೆಗೆ. ಬಿ.ಟಿ. ಜೋಳಕ್ಕೆ ಇಲ್ಲಿ ಅನುಮತಿ ಕೇಳುವ ದಿನ ಬಂದರೆ, ರೇಷ್ಮೆ ಸೀಮೆಯಲ್ಲಿ ರೇಷ್ಮೆಹುಳುವಿನ ಮೇಲೇ ಅಳೆದು ತೋರಿಸಿ ಅಂತ ನಾವು ಕೇಳಬೇಕಾಗುತ್ತದೆ. 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಂಡದ್ದು ನಮ್ಮ ಕರ್ನಾಟಕದಲ್ಲಿ. ಅಂದಿನಿಂದ ಜೋಳದ ಸುಳಿ ತಿಂದು ಹಾಕುತ್ತಿರುವುದನ್ನು ನೋಡಿದರೆ ಆ ದಿನ ಬಾರದೇ ಇರುವುದಿಲ್ಲ.

ಹತ್ತಿ ರೈತ ಒಪ್ಪಿದ್ದು ಯಾಕೆ?

ಹತ್ತಿ ಸೀಮೆಯ ರೈತರನ್ನು ಕಂಪನಿಯವರು ಮರುಳು ಮಾಡಿದರು ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುವವರು ಇದ್ದಾರೆ. ಅಷ್ಟು ಸುಲಭವಲ್ಲ. 1990ರ ದಶಕದಲ್ಲಿ ಹಸಿರು ಕಾಯಿಕೊರಕ ಯಾವ ಔಷಧಕ್ಕೂ ಬಗ್ಗದೇ ಹೋಯಿತು. ಬೆನ್ನಿಗೆ ಪಂಪು ಕಟ್ಟಿಕೊಂಡು ಒಂದು ಬೆಳೆಗೆ ಹತ್ತು ಸಲ, ಹದಿನೈದು ಸಲ ಹೊಡೆದರು. ಔಷಧಕ್ಕೆ ಸಾಲ, ಸಾಲಕ್ಕೆ ಬಡ್ಡಿ. ಪಕ್ಕದ ಆಂಧ್ರದ ವಾರಂಗಲ್ ಕಡೆ 1998ರಲ್ಲಿ ಹತ್ತಿ ರೈತರ ಆತ್ಮಹತ್ಯೆಗಳು ಪತ್ರಿಕೆಗಳ ಮೊದಲ ಪುಟಕ್ಕೆ ಬಂದವು.

ಅದೇ 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿ.ಟಿ. ಹತ್ತಿಯ ಪ್ರಯೋಗದ ಹೊಲಕ್ಕೆ ಬೆಂಕಿ ಹಚ್ಚಿತು. ರೈತರಿಗೆ ಸರಿಯಾಗಿ ತಿಳಿಸದೆ, ಊರಿಗೆ ಹೇಳದೆ ಪ್ರಯೋಗ ಮಾಡುತ್ತಿದ್ದಾರೆ ಅನ್ನುವುದು ಅವರ ದೂರು. ಆ ದೂರು ನ್ಯಾಯವಾದದ್ದೇ ಅಂತ ನಮ್ಮ ಅಭಿಪ್ರಾಯ. ಆದರೆ 2002ರ ಮಾರ್ಚ್ 26ರಂದು ಕೇಂದ್ರದ ಸಮಿತಿ ಮೂರು ಬಿ.ಟಿ. ಹೈಬ್ರಿಡ್‌ಗಳಿಗೆ ಅನುಮತಿ ಕೊಟ್ಟ ಮೇಲೆ ಅದೇ ರಾಯಚೂರು ಕಡೆಯ ರೈತರೂ ಬಿ.ಟಿ. ಹಾಕಿದರು. ಗುಜರಾತಿನಲ್ಲಂತೂ ಅನುಮತಿಗೆ ಮುಂಚೆಯೇ, 2001ರಲ್ಲಿ, ಬಿ.ಟಿ. ಗುಣವಿದ್ದ ಒಂದು ಬೀಜ ಸಾವಿರಾರು ಎಕರೆಯಲ್ಲಿ ಬೆಳೆದು ನಿಂತಿತ್ತು. ಸರ್ಕಾರ ಸುಡಿ ಅಂದಿತು, ರೈತರು ಸುಡಲಿಲ್ಲ. ಆ ವರ್ಷ ಸುತ್ತಲ ಹೊಲಗಳೆಲ್ಲ ಹುಳುವಿಗೆ ಹೋಗಿ ಇದು ಮಾತ್ರ ಉಳಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ರೈತ ಒಂದು ಬೀಜವನ್ನು ಒಪ್ಪುವುದು ಹೀಗೇ. ಕರಪತ್ರ ಓದಿ ಅಲ್ಲ (ಈ ಕರಪತ್ರವನ್ನೂ ಸೇರಿಸಿ), ಪಕ್ಕದ ಹೊಲದ ಬದುವಿನ ಮೇಲೆ ನಿಂತು ನೋಡಿ. ಪಕ್ಕದವನೂ ತನ್ನ ಹಾಗೇ ಎರಡು ಎಕರೆಯವನಾ, ಅವನಿಗೂ ಬೋರ್‌ವೆಲ್ಲು ಇಲ್ವಾ, ಅವನಿಗೆ ಕೈ ಹತ್ತಿತಾ. ಇಷ್ಟು ಗೊತ್ತಾದರೆ ಸಾಕು. 450 ಗ್ರಾಂ ಪೊಟ್ಟಣಕ್ಕೆ ಮೊದಮೊದಲು 1,600 ರೂಪಾಯಿ ಇತ್ತು, ಅದರಲ್ಲಿ ಬಹುಪಾಲು ತಂತ್ರಜ್ಞಾನದ ಶುಲ್ಕ. ಆಂಧ್ರ ಸರ್ಕಾರ ದೂರು ಕೊಟ್ಟು ಹೋರಾಡಿದ ಮೇಲೆ 2006ರಲ್ಲಿ ಬೆಲೆ 750ಕ್ಕೆ ಇಳಿಯಿತು. ಆಮೇಲೆ ಹಿಡಿಯುವವರೇ ಇಲ್ಲ, ಕೆಲವೇ ವರ್ಷದಲ್ಲಿ ದೇಶದ ಹತ್ತಿಯಲ್ಲಿ ನೂರಕ್ಕೆ ತೊಂಬತ್ತು ಭಾಗ ಬಿ.ಟಿ. ಆಯಿತು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅಂಗಡಿಯಲ್ಲಿ ಬಿ.ಟಿ. ಬಿಟ್ಟು ಬೇರೆ ಹತ್ತಿ ಬೀಜವೇ ಸಿಗದಂತೆ ಆದ ಮೇಲೆ "ರೈತ ಒಪ್ಪಿದ" ಅನ್ನುವ ಮಾತಿಗೆ ಅರ್ಥ ಕಡಿಮೆ. ಬೀಜ, ಗೊಬ್ಬರ, ಔಷಧ ಮೂರನ್ನೂ ಸಾಲಕ್ಕೆ ಕೊಡುವವರು ಒಬ್ಬರೇ ಅಂಗಡಿಯವರಾದರೆ, ಅವರು ಕೊಟ್ಟ ಬೀಜವೇ ನಮ್ಮ ಆಯ್ಕೆ. ಮನೆಯಲ್ಲೇ ಎತ್ತಿಟ್ಟುಕೊಳ್ಳಬಹುದಾದ ಬಿ.ಟಿ. ಹತ್ತಿಯನ್ನು ಸರ್ಕಾರಿ ಸಂಸ್ಥೆಗಳೇ ತಯಾರಿಸಿದ್ದವು. ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸೇರಿ ಮಾಡಿದ 'ಬಿಕಾನೇರಿ ನರ್ಮಾ ಬಿ.ಟಿ.' 2009ರಲ್ಲಿ ಹೊಲಕ್ಕೂ ಬಂತು. ಅದರೊಳಗೆ ಖಾಸಗಿ ಕಂಪನಿಯದ್ದೇ ಬಿ.ಟಿ. ಗುಣ ಬೆರೆತಿರುವುದು ಪತ್ತೆಯಾಗಿ ಹಿಂದಕ್ಕೆ ತೆಗೆದರು. ಬಡ ರೈತನಿಗೆ ಬೇಕಾಗಿದ್ದ ಬೀಜ ಅದು, ಹಾಳಾದದ್ದು ದೊಡ್ಡ ನಷ್ಟ.

ಗುಲಾಬಿ ಹುಳು ಕಲಿಸಿದ ಪಾಠ

ಬಿ.ಟಿ. ಬಂದ ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಔಷಧ ಕಡಿಮೆಯಾಯಿತು. ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 300 ಕೆ.ಜಿ. ಅರಳೆಯಿಂದ 2007-08ರಲ್ಲಿ 550 ಕೆ.ಜಿ. ದಾಟಿತು. ಎಲ್ಲವೂ ಬಿ.ಟಿ.ಯಿಂದಲೇ ಅಲ್ಲ. ನೀರಾವರಿ, ಗೊಬ್ಬರ, ಹೊಸ ಹೈಬ್ರಿಡ್, ಎಲ್ಲದರ ಪಾಲೂ ಇತ್ತು. ಮುಂದೆ ಇಳುವರಿ ಏರಲಿಲ್ಲ, ಇಳಿಯಿತು.

ಕಾರಣಗಳಲ್ಲಿ ದೊಡ್ಡದು ಗುಲಾಬಿ ಕಾಯಿಕೊರಕ. ಒಂದೇ ವಿಷವನ್ನು ದೇಶದ ಎಲ್ಲ ಹತ್ತಿ ಗಿಡದಲ್ಲೂ ವರ್ಷಪೂರ್ತಿ ಇಟ್ಟರೆ, ತಡೆದುಕೊಳ್ಳುವ ಶಕ್ತಿ ಇರುವ ನಾಲ್ಕು ಹುಳು ಉಳಿದು, ಅವುಗಳ ಸಂತಾನವೇ ಬೆಳೆಯುತ್ತದೆ. ಇದನ್ನು ತಡೆಯಲು ಪ್ರತಿ ಪೊಟ್ಟಣದ ಜೊತೆ 120 ಗ್ರಾಂ ಸಾದಾ ಹತ್ತಿ ಬೀಜ ಕೊಡುತ್ತಿದ್ದರು. ಹೊಲದ ಸುತ್ತ ಅದನ್ನು ಹಾಕಿ, ಅಲ್ಲಿ ಸಾದಾ ಹುಳು ಬದುಕಿ, ಗಟ್ಟಿ ಹುಳುವಿನ ಜೊತೆ ಕೂಡಿ, ತಡೆಯುವ ಶಕ್ತಿ ತೆಳುವಾಗಲಿ ಅಂತ ಲೆಕ್ಕ. ಲೆಕ್ಕ ಚೆನ್ನಾಗಿತ್ತು. ಆದರೆ ಎರಡು ಎಕರೆಯವನಿಗೆ "ನಾಲ್ಕು ಸಾಲು ಹುಳುವಿಗೆ ಬಿಡಪ್ಪ" ಅಂದರೆ ಬಿಡುತ್ತಾನಾ? ಯಾಕೆ ಅಂತ ಬಿಡಿಸಿ ಹೇಳಿದವರೂ ಕಡಿಮೆ. ಬಹಳ ಜನ ಆ ಚಿಕ್ಕ ಪೊಟ್ಟಣ ಬಿಸಾಕಿದರು. 2010ರಲ್ಲಿ ಗುಜರಾತಿನ ಗುಲಾಬಿ ಹುಳು ಮೊದಲ ಬಿ.ಟಿ.ಯನ್ನು ಜೀರ್ಣಿಸಿಕೊಂಡಿದೆ ಅಂತ ಕಂಪನಿಯೇ ಒಪ್ಪಿಕೊಂಡಿತು. ಎರಡು ಜೀನ್ ಇರುವ ಎರಡನೇ ಬಿ.ಟಿ. 2006ರಲ್ಲೇ ಬಂದಿತ್ತು, 2015ರ ಹೊತ್ತಿಗೆ ಅದನ್ನೂ ಹುಳು ಗೆದ್ದಿತು. ಗುಜರಾತು, ಮಹಾರಾಷ್ಟ್ರ, ತೆಲಂಗಾಣ, ನಮ್ಮ ರಾಯಚೂರು, ಎಲ್ಲ ಕಡೆ ಕಾಯಿ ಒಡೆದರೆ ಒಳಗೆ ಹುಳು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ ವಿಷ ತಗುಲಿ ಕೂಲಿಕಾರರು, ರೈತರು ಸತ್ತರು. ಔಷಧ ಕಡಿಮೆ ಮಾಡಲು ಬಂದ ಬೆಳೆಯಲ್ಲೇ ಹೀಗಾಯಿತು.

ಇವತ್ತು ಹತ್ತಿ ಬೆಳೆಯುವವರು ಬಿ.ಟಿ. ಹಾಕುವುದು ಹಸಿರು ಕಾಯಿಕೊರಕ ಇನ್ನೂ ಅದಕ್ಕೆ ಹೆದರುತ್ತದೆ ಅಂತ, ಮತ್ತು ಬೇರೆ ಬೀಜ ಇಲ್ಲ ಅಂತ.

ಬದನೆ: ನಿಂತು ಹೋದ ಬೆಳೆ

ಬದನೆಯ ವಿಷಯಕ್ಕೆ ಬರೋಣ. ಕುಡಿ ಮತ್ತು ಕಾಯಿ ಕೊರಕದ ಕಾಟ ಎಷ್ಟು ಅಂತ ಬದನೆ ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಬಿ.ಟಿ. ಬದನೆಗೆ 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಕೊನೆಯ ಸಭೆ 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಮೂರೇ ದಿನದ ಮೇಲೆ, ಫೆಬ್ರವರಿ 9ರಂದು, ತಡೆ ಹಾಕಿದರು. ಆ ತಡೆ ತೆಗೆದಿಲ್ಲ.

ವಿರೋಧಕ್ಕೆ ಗಟ್ಟಿ ಕಾರಣಗಳಿದ್ದವು. ಬದನೆ ನಾವು ನೇರ ತಿನ್ನುವ ತರಕಾರಿ. ಅದರ ತವರು ನಮ್ಮ ದೇಶವೇ. ಉಡುಪಿಯ ಮಟ್ಟು ಗುಳ್ಳದಂಥ ಊರಿಗೊಂದು ತಳಿ ನಮ್ಮಲ್ಲಿದೆ. ಸ್ಥಳೀಯ ತಳಿಗಳನ್ನು ಕೇಳದೆ ಬಳಸಿದರು ಅಂತ ಜೀವವೈವಿಧ್ಯ ಪ್ರಾಧಿಕಾರಕ್ಕೆ ದೂರೂ ಹೋಯಿತು. ಹೀಗಾಗಿ ತಡೆ ಸರಿಯೇ. ಆದರೆ ತಡೆ ಹಾಕಿ ಸುಮ್ಮನಾದದ್ದು ಸರಿಯಲ್ಲ. ಇವತ್ತು ಹೊಡೆದು ನಾಳೆ ಕಿತ್ತು ಮಾರ್ಕೆಟ್ಟಿಗೆ ಕಳಿಸುವ ಬದನೆಯನ್ನು ಯಾರೂ ಪರೀಕ್ಷೆ ಮಾಡುತ್ತಿಲ್ಲವಲ್ಲ? ಬಾಂಗ್ಲಾದೇಶದಲ್ಲಿ ಅದೇ ಬಿ.ಟಿ. ಗುಣವನ್ನು ಸರ್ಕಾರಿ ಸಂಸ್ಥೆಯೇ ಸಾದಾ ತಳಿಗಳಿಗೆ ಸೇರಿಸಿ 2014ರಲ್ಲಿ 20 ರೈತರಿಗೆ ಸಸಿ ಕೊಟ್ಟಿತು. ಬೀಜ ಎತ್ತಿಟ್ಟುಕೊಳ್ಳಬಹುದು. ಈಗ ಅಲ್ಲಿ ಸಾವಿರಾರು ರೈತರು ಬೆಳೆಯುತ್ತಿದ್ದಾರೆ. 2019ರಲ್ಲಿ ಹರಿಯಾಣದಲ್ಲಿ ಕದ್ದು ಬೆಳೆದ ಬಿ.ಟಿ. ಬದನೆ ಸಿಕ್ಕಿತು. ಅಗತ್ಯ ಇದ್ದ ಕಡೆ ಬೀಜ ಹೇಗೋ ನುಸುಳುತ್ತದೆ.

ಅಲ್ಲಿಯವರೆಗೆ ಬಾಡಿದ ಕುಡಿಯನ್ನು ವಾರಕ್ಕೊಮ್ಮೆ ಮುರಿದು ಸುಡುವುದು, ಮೋಹಕ ಬಲೆ ಕಟ್ಟುವುದು, ಅಕ್ಕಪಕ್ಕದ ಹತ್ತು ಜನ ಸೇರಿ ಮಾಡುವುದು. ಒಬ್ಬರೇ ಮಾಡಿದರೆ ಪ್ರಯೋಜನ ಕಡಿಮೆ.

ನಮ್ಮ ಸೀಮೆಯಲ್ಲಿ "ಬೇಡ" ಅನ್ನೋದಕ್ಕೆ ಕಾರಣ

ನಮ್ಮ ಕಡೆಯ ರೈತ ಹೊಸದಕ್ಕೆ ಬೆನ್ನು ಹಾಕಿದವನಲ್ಲ. ಎಂ-5 ಅಂತ ಕರೆಯುವ ಹಿಪ್ಪುನೇರಳೆಯ ಇನ್ನೊಂದು ಹೆಸರು ಕಣ್ವ-2. ಚನ್ನಪಟ್ಟಣದ ಹತ್ತಿರದ ಕಣ್ವದ ರೇಷ್ಮೆ ಫಾರಂನಲ್ಲಿ ಆಯ್ದ ತಳಿ ಅದು. ಕಡ್ಡಿ ಕೈಯಿಂದ ಕೈಗೆ ಹೋಗಿ ರಾಜ್ಯವೆಲ್ಲ ಹರಡಿತು. ಆಮೇಲೆ ಮೈಸೂರಿನಿಂದ ವಿ-1 ಬಂತು, ಅದನ್ನೂ ಹಾಕಿದರು. ರಾಗಿಯಲ್ಲಿ ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಇಂಡಾಫ್ ತಳಿ ಕೊಟ್ಟರು. ಬೆಂಕಿ ರೋಗ ತಡೆಯುವ ಜಿ.ಪಿ.ಯು.-28 ಬಂದಾಗ ಎರಡು ಮಾತಿಲ್ಲದೆ ಒಪ್ಪಿದರು. ಇವೆಲ್ಲ ಒಂದು ಸಲ ತಂದರೆ ಮನೆಯಲ್ಲೇ ಎತ್ತಿಟ್ಟುಕೊಳ್ಳಬಹುದಾದವು. ಮೊದಲ ವರ್ಷ ಒಂದು ಮಡಿಯಲ್ಲಿ ಹಾಕಿ ನೋಡಬಹುದು. ಸೋತರೆ ಸೋಲು ಒಂದು ಮಡಿಯಷ್ಟೇ.

ದ್ವಿತಳಿ ಗೂಡಿನ ವಿಷಯದಲ್ಲಿ ಮಾತ್ರ ನಮ್ಮವರು ಬಹಳ ವರ್ಷ ಹಿಂದೆ ಮುಂದೆ ನೋಡಿದರು. ಇಲಾಖೆ ಎಷ್ಟು ಹೇಳಿದರೂ ಮಿಶ್ರತಳಿಯನ್ನೇ ಹಿಡಿದರು. ಅದು ಹಠವಲ್ಲ. ಬೇರೆ ಹುಳುಮನೆ ಬೇಕು, ಬೇಸಿಗೆಯಲ್ಲಿ ಬಿಸಿ ತಡೆಯಬೇಕು, ಸೋಂಕು ನಿವಾರಣೆ ಸರಿಯಾಗಿ ಆಗಬೇಕು. ಒಂದು ಬೆಳೆ ಹೋದರೆ ಸಂಘದ ಕಂತು ಕಟ್ಟೋದು ಯಾರು? ಮನೆ ಕಟ್ಟಿಕೊಂಡವರು ನಿಧಾನವಾಗಿ ಬದಲಾದರು.

ರಾಗಿ ಹೊಲದಲ್ಲಿ ಇನ್ನೊಂದು ಕಾರಣ ಇದೆ: ಅಕ್ಕಡಿ ಸಾಲು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಮಾಗಡಿ ಅವರೆಕಾಯಿಗೆ ಬೆಂಗಳೂರಿನಲ್ಲಿ ಇರುವ ಹೆಸರು ಎಲ್ಲರಿಗೂ ಗೊತ್ತು. ಕುಲಾಂತರಿಯಲ್ಲಿ ಎರಡನೇ ಬಗೆಯೊಂದಿದೆ. ಕಳೆನಾಶಕ ಹೊಡೆದರೂ ಬೆಳೆ ಸಾಯದೆ ಕಳೆ ಮಾತ್ರ ಸಾಯುವ ಬಗೆ. ಅಂಥ ಹತ್ತಿಗೆ ನಮ್ಮಲ್ಲಿ ಅನುಮತಿ ಇಲ್ಲ, ಆದರೂ ಮಹಾರಾಷ್ಟ್ರದಲ್ಲಿ 2019ರಲ್ಲಿ ರೈತರು ಬಹಿರಂಗವಾಗಿಯೇ ಬಿತ್ತಿ ಪ್ರತಿಭಟಿಸಿದರು. ಅವರ ಕಷ್ಟ ನಮಗೂ ಅರ್ಥವಾಗುತ್ತದೆ. ಬಿಡದಿ ಕಾರ್ಖಾನೆಗೆ, ಬೆಂಗಳೂರಿನ ಕೆಲಸಕ್ಕೆ ಹುಡುಗರು ಹೋದ ಮೇಲೆ ಕಳೆ ಕೀಳಲು ಆಳು ಎಲ್ಲಿ? ಆದರೆ ಅಂಥ ರಾಗಿ ಬಂದು ಕಳೆನಾಶಕ ಹೊಡೆದರೆ ಅಕ್ಕಡಿಯ ಅವರೆಯೂ ಸಾಯುತ್ತದೆ, ಹುಚ್ಚೆಳ್ಳೂ ಸಾಯುತ್ತದೆ. ಹೊಲದ ಬದಿಯ ಅಣ್ಣೆ ಸೊಪ್ಪು, ಹೊನಗೊನ್ನೆ ಸೊಪ್ಪೂ ಹೋಗುತ್ತದೆ. ಗಂಡಸರು ಆಳಿನ ಲೆಕ್ಕ ಹಾಕುವಾಗ ಸಾರಿನ ಲೆಕ್ಕ ಹಾಕುವವರು ಮನೆಯ ಹೆಂಗಸರು. ಬೀಜದ ತೀರ್ಮಾನಕ್ಕೆ ಅವರನ್ನೂ ಕೂರಿಸಿಕೊಳ್ಳಿ.

ರೇಷ್ಮೆಹುಳುವಿನಲ್ಲೂ ಕುಲಾಂತರಿ ಕೆಲಸ ನಡೆದಿದೆ. ಹಾಲುತೊಂಡೆ ರೋಗದ ವೈರಸ್ಸನ್ನು ತಡೆಯುವ ಹುಳುವನ್ನು ಹೈದರಾಬಾದಿನ ವಿಜ್ಞಾನಿಗಳು ತಯಾರಿಸಿ 2013ರಲ್ಲಿ ವರದಿ ಪ್ರಕಟಿಸಿದರು. ರೈತರಿಗೆ ಅದು ಬಿಡುಗಡೆಯಾಗಿಲ್ಲ. ಇಲ್ಲಿ ಬೀಜ ಎತ್ತಿಡುವ ಪ್ರಶ್ನೆ ಇಲ್ಲ, ಮೊಟ್ಟೆಯನ್ನು ನಾವು ಹೇಗೂ ಪ್ರತಿ ಬೆಳೆಗೂ ಕೊಳ್ಳುತ್ತೇವೆ. ಬಂದರೆ ಬೇಡ ಅನ್ನುವವರು ಕಡಿಮೆ ಇರಬಹುದು. ಆದರೆ ಮಾಗಡಿ, ಕುಣಿಗಲ್ ಭಾಗ ಮೈಸೂರು ತಳಿಯ ಬಿತ್ತನೆ ಗೂಡಿನ ಸೀಮೆ. ಅಲ್ಲಿ ತಳಿ ಬೆರೆಯದಂತೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಮೊದಲೇ ಕೇಳಬೇಕು.

ಬೆಳೆಯದಿದ್ದರೂ ಮನೆಗೆ ಬಂದಿದೆ

ಡೇರಿಗೆ ಹಾಲು ಹಾಕುವವರು ಹಸುವಿಗೆ ಇಡುವ ಹತ್ತಿ ಹಿಂಡಿ ಬಹುಪಾಲು ಬಿ.ಟಿ. ಹತ್ತಿಯದ್ದೇ. ಹೊರದೇಶದಿಂದ ಬರುವ ಸೋಯಾ ಎಣ್ಣೆಯಲ್ಲೂ ಕುಲಾಂತರಿ ಸೋಯಾದ ಪಾಲು ದೊಡ್ಡದು. 2022ರಲ್ಲಿ ಕುಲಾಂತರಿ ಸಾಸಿವೆಗೆ ಸಮಿತಿ ಒಪ್ಪಿಗೆ ಕೊಟ್ಟಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಅಭಿಪ್ರಾಯ ಕೊಟ್ಟರು. ಒಪ್ಪಿಗೆ ಸರಿಯಿಲ್ಲ ಅಂದವರು ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನ್ ತಿದ್ದಿದ ಎರಡು ಭತ್ತದ ತಳಿ ಪ್ರಕಟಿಸಿತು. ಇವುಗಳಲ್ಲಿ ಬೇರೆ ಕುಲದ ಜೀನ್ ಇಲ್ಲ, ಹಾಗಾಗಿ ಕುಲಾಂತರಿಯ ನಿಯಮ ಅನ್ವಯಿಸುವುದಿಲ್ಲ ಅಂತ 2022ರಲ್ಲೇ ಆದೇಶ ಆಗಿತ್ತು. ಹೊಸ ಬೀಜದ ಮಾತು ಇನ್ನು ಮುಂದೆ ಹೆಚ್ಚೇ ಆಗುತ್ತದೆ.

ಯಾವ ಬೀಜವೇ ಆಗಲಿ, ಯಾರಾದರೂ "ಇದು ಹೊಸ ಬಿ.ಟಿ., ಹುಳ ಬೀಳಲ್ಲ" ಅಂತ ಹೇಳಿ ತರಕಾರಿ ಬೀಜ ಕೊಟ್ಟರೆ ತೆಗೆದುಕೊಳ್ಳಬೇಡಿ. ಒಂದೋ ಅದು ಸುಳ್ಳು, ಇಲ್ಲಾಂದ್ರೆ ಕಾನೂನಿಗೆ ವಿರುದ್ಧ. ಎರಡರಲ್ಲೂ ಬೆಳೆ ಹೋದರೆ ಕೇಳುವವರು ಇರುವುದಿಲ್ಲ. ಕೊಂಡ ಬೀಜಕ್ಕೆ ಬಿಲ್ಲು ಕೇಳಿ ಪಡೆಯಿರಿ, ಲಾಟ್ ನಂಬರು ಬಿಲ್ಲಿನಲ್ಲಿ ಬರೆಸಿ. ಖಾಲಿ ಪೊಟ್ಟಣ ಒಲೆಗೆ ಹಾಕಬೇಡಿ, ಒಳಗೆ ಒಂದು ಚಿಟಿಕೆ ಬೀಜ ಬಿಟ್ಟು ಕಟ್ಟಿಡಿ. ಮೊಳಕೆ ಬರದಿದ್ದರೆ, ಹೇಳಿದ ತಳಿ ಅಲ್ಲದಿದ್ದರೆ, ಬೆಳೆ ಕೀಳುವ ಮುಂಚೆಯೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಟ್ಟು ಹೊಲ ತೋರಿಸಿ, ಸ್ವೀಕೃತಿ ಪಡೆಯಿರಿ. ಕೆಟ್ಟ ಬೀಜಕ್ಕೆ ಪರಿಹಾರ ಕೇಳಿ ರೈತರು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಬಿಲ್ಲು ಇಲ್ಲದೆ ಅಲ್ಲಿಗೆ ಹೋಗಿ ವಾದ ಮಾಡುವುದು ಬಹಳ ಕಷ್ಟ.